ಬಣ್ಣ ನೋಡಿ ಕೊಂಡ ಗಾಡಿ

ಮೊಣಕಾಲು ಹೋದ ಮನುಷ್ಯನಿಗೆ ತಲೆಯೂ ಹೋಗಿರುತ್ತದೆ ಎಂದು ಮನೆಯವರು ಅದು ಹೇಗೆ ತೀರ್ಮಾನಿಸುತ್ತಾರೋ ನನಗಂತೂ ತಿಳಿಯದು. ನನ್ನವು ಎರಡು ವರ್ಷದ ಹಿಂದೆ, ಎಡದ್ದು ಮೊದಲು, ಅದನ್ನು ನೋಡಿ ಬಲದ್ದು, ಹೀಗೆ ಒಂದರ ಹಿಂದೆ ಒಂದು ಮುಷ್ಕರ ಹೂಡಿದವು. ಅಲ್ಲಿಯವರೆಗೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ನಾಗಪ್ಪನವರೆಂದರೆ ಲಾರಿಯೂ ದಾರಿ ಬಿಡುತ್ತಿತ್ತು. (ಬಿಡದಿದ್ದರೆ ನಾನೇ ಬಿಡುತ್ತಿದ್ದೆ, ಅದು ಬೇರೆ ಮಾತು.) ಈಗ ಅಂಗಡಿ ಮಗ ಸುನೀಲಕುಮಾರನದು, ಪಡಸಾಲೆ ನನ್ನದು. ಸೋಮವಾರ, ಗುರುವಾರ ಪೇಟೆ ನೆರೆಯುವ ದಿನ ಮಾಲು ಹೇರಿದ ಟ್ರ್ಯಾಕ್ಟರುಗಳು ನಮ್ಮ ಮನೆ ಮುಂದೆಯೇ ಹೋಗುತ್ತವೆ. ನಾನು ಕುರ್ಚಿಯಲ್ಲಿ ಕೂತು ಕೈಯೆತ್ತುತ್ತೇನೆ. ಯಾರೂ ನಿಲ್ಲಿಸುವುದಿಲ್ಲ.

ಹೀಗಿರುವಾಗ ಸೊಸೆ ಸುಧಾರಾಣಿ ತನ್ನ ಮೊಬೈಲಿನಲ್ಲಿ, ನಡೆಯಲಾರದವರು ಕೂತು ಓಡಿಸುವ ಬ್ಯಾಟರಿ ಗಾಡಿಯನ್ನು ಕಂಡುಹಿಡಿದಳು. ಅದರಲ್ಲಿ ಕಾಲಿಗೆ ಕೆಲಸವೇ ಇಲ್ಲ. ಹಿಡಿಯ ಹತ್ತಿರದ ಕಡ್ಡಿಯನ್ನು ಬೆರಳಿನಿಂದ ಒತ್ತಿದರೆ ಹೊರಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಯಾವ ತರಹದ್ದು ಕೊಳ್ಳಬೇಕೆಂದು ಮನೆಯಲ್ಲಿ ಮಹಾಸಭೆ ಸೇರಿತು. ಬೀಗರಿಗೆ ಫೋನು ಹೋಯಿತು, ಪಕ್ಕದ ಮನೆಯವರನ್ನು ಕರೆಸಿದರು. ಗಾಡಿಯಲ್ಲಿ ಕೂರುವವನ ಅಭಿಪ್ರಾಯ ಮಾತ್ರ ಯಾರಿಗೂ ಬೇಕಾಗಲಿಲ್ಲ.

ಹುಬ್ಬಳ್ಳಿಯ ಒಂದು ಅಂಗಡಿಗೆ ನನ್ನನ್ನು ಕರೆದುಕೊಂಡು ಹೋದರು. ಅಲ್ಲಿಯ ಮಾರಾಟಗಾರ ಮೈಲೇಶ ಎನ್ನುವವನು ನನ್ನ ತಲೆಯ ಮೇಲಿಂದ ಮಗನನ್ನು ನೋಡಿ, "ಅಜ್ಜಾರ ತೂಕ ಎಷ್ಟಿರಬೇಕ್ರಿ?" ಅಂದ. ಜೀವಮಾನವೆಲ್ಲ ಊರವರ ಚೀಲ ತೂಗಿದ ನನ್ನನ್ನು ನನ್ನೆದುರಿಗೇ ತೂಕಕ್ಕೆ ಹಚ್ಚಿದರು. ಮಗ ಒಂದು ಅಂದಾಜು ಹೇಳಿದ. ಹೆಂಡತಿ ನೀಲಗಂಗವ್ವ ಅದರ ಮೇಲೆ ಹತ್ತು ಕಿಲೋ ಏರಿಸಿದಳು.

ಮೈಲೇಶ ಮೂರು ತಳಿ ತೋರಿಸಿದ. ಒಂದು ಮಡಚುವ ಗಾಡಿ. ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತದೆ. ಮಗ ಅದನ್ನು ಮೆಚ್ಚಿದ, ಯಾಕೆಂದರೆ ಡಿಕ್ಕಿ ಅವನದು. ಇನ್ನೊಂದು ಮೂರು ಗಾಲಿಯದು, ಸಣ್ಣದು, ಇಕ್ಕಟ್ಟಿನಲ್ಲೂ ತಿರುಗುತ್ತದೆ. ಪಡಸಾಲೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಪಡಸಾಲೆಗೆ ನಾನು ದಿಗ್ವಿಜಯ ಮಾಡುವುದನ್ನು ಹೆಂಡತಿ ಆಗಲೇ ಕಣ್ಣಲ್ಲಿ ಕಂಡಳು. ಮೂರನೆಯದು ನಾಲ್ಕು ಗಾಲಿಯದು. ಅಗಲ ಸೀಟು, ತಗ್ಗು-ದಿನ್ನೆಗೆ ಅಂಜದ ದಪ್ಪ ಟೈರು. ಬಣ್ಣ ಅಚ್ಚ ಕೆಂಪು.

ನೀವು ಬೇರೆ ಊರಿನವರಾದರೆ ಒಂದು ಮಾತು ಹೇಳಬೇಕು. ನಮ್ಮ ಮೆಣಸಿನಕಾಯಿಯನ್ನು ಲೋಕ ಕೊಳ್ಳುವುದು ಖಾರಕ್ಕಲ್ಲ, ಬಣ್ಣಕ್ಕೆ. ಹೀಗಾಗಿ ಬ್ಯಾಡಗಿಯ ದಲಾಲಿ ಬಣ್ಣ ನೋಡದೆ ಮಗನಿಗೆ ಹೆಣ್ಣನ್ನೂ ತರುವುದಿಲ್ಲ. (ಸೊಸೆ ಇದನ್ನು ಓದುವುದಿಲ್ಲ ಎಂಬ ಧೈರ್ಯದಿಂದ ಬರೆದಿದ್ದೇನೆ.) ನಾನು ಕೆಂಪು ಗಾಡಿಯನ್ನು ಉಗುರಿನಿಂದ ಕೆರೆದೆ, ಅಂಗೈಯಿಂದ ಒರೆಸಿದೆ, ಸೀಟಿನ ವಾಸನೆ ನೋಡಿದೆ, ಎರಡೂ ಕೈಯಿಂದ ಅಲುಗಾಡಿಸಿ ಕಿವಿಗೊಟ್ಟೆ. ಮೈಲೇಶ ಮಗನ ಕಡೆ ಮರುಕದಿಂದ ನೋಡಿದ.

"ಮನಿಯಾಗ ಓಡ್ಯಾಡಾಕ ಮೂರ ಗಾಲೀದ ಸಾಕ್ರಿ," ಎಂದಳು ನೀಲಗಂಗವ್ವ.

"ಮನಿಯಾಗ ಓಡ್ಯಾಡಾಕ ನನಗ ಗ್ವಾಡಿ ಅದಾವು, ಹಿಡಕೊಂಡು ಹೋಗ್ತೇನಿ. ಗ್ವಾಡಿ ಇಲ್ಲದಲ್ಲಿ ಹೋಗಾಕ ಗಾಡಿ ಬೇಕು."

"ಎಲ್ಲಿಗೆ ಹೊಂಟೀರಿ ಈ ವಯಸ್ಸಿನಾಗ?"

"ಪ್ಯಾಟಿಗೆ. ನನ್ನ ಪ್ಯಾಟಿಗೆ. ಸಾಯೂತನಕ."

ಅಂಗಡಿಯೆಲ್ಲ ತಿರುಗಿ ನೋಡಿತು. ನಾನು ಆಗಲೇ ಕೆಂಪು ಗಾಡಿಯ ಮೇಲೆ ಹತ್ತಿ ಕೂತಿದ್ದೆ, ಇಳಿಯುವುದಿಲ್ಲ ಎಂದೆ. ಇಳಿಸಿಕೊಳ್ಳಲು ಬಂದ ಮಗನ ಕೈ ತಳ್ಳಿದೆ. ಕೊನೆಗೆ ನೀಲಗಂಗವ್ವ ಮೈಲೇಶನನ್ನು ಕೇಳಿದಳು, ವಾರದೊಳಗೆ ತಂದರೆ ಬದಲಿಸಿ ಕೊಡುತ್ತೀರಾ ಎಂದು. ಅವನು ಹೂಂ ಅಂದ. ಆಮೇಲೆ ನನ್ನ ಕಡೆ ತಿರುಗಿದಳು.

"ಸೋಮವಾರ ಒಬ್ರ ಪ್ಯಾಟಿಗೆ ಹೋಗಿ ಒಬ್ರ ತಿರುಗಿ ಬರ್ರಿ. ಯಾರ ಸಹಾಯನೂ ಬೇಡೂ ಹಂಗಿಲ್ಲ. ಬೇಡಿದ್ರೋ, ಕೆಂಪ ಗಾಡಿ ವಾಪಸ್, ಮೂರ ಗಾಲೀದು ಒಳಗ, ಮತ್ತ ನೀವೂ ಒಳಗ."

ಒಪ್ಪಿದೆ. ಒಪ್ಪದೆ ಏನು ಮಾಡಲಿ? ಉಳಿದ ಆಯುಷ್ಯವನ್ನು ಬಚ್ಚಲಿನ ದಾರಿಯಲ್ಲಿ ಕಳೆಯಲೆ?

ಸೋಮವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೊಪ್ಪಿಗೆ ಹಾಕಿಕೊಂಡು ರಥಾರೂಢನಾದೆ. ಸ್ಟೇಷನ್ನಿನ ಕಡೆಯ ರಸ್ತೆಯಲ್ಲಿ ಜನ ನಿಂತು ನೋಡಿದರು. ಒಂದು ನಾಯಿ ಸ್ವಲ್ಪ ದೂರ ಬೆನ್ನು ಹತ್ತಿ, ಗಾಡಿ ತನಗಿಂತ ನಿಧಾನವೆಂದು ತಿಳಿದು ಬೇಸರಪಟ್ಟು ಬಿಟ್ಟಿತು. ನಾನು ಯಾರಿಗೂ ದಾರಿ ಬಿಡಲಿಲ್ಲ. ಪೇಟೆಯ ಗೇಟು ದಾಟುವವರೆಗೆ ಎಲ್ಲ ಸುಗಮವಾಗಿತ್ತು.

ಮೆಣಸಿನಕಾಯಿ ಪೇಟೆಯಲ್ಲಿ ಸೀನುವವರು ಪರವೂರಿನವರು. ಊರವನು ಸೀನುವುದಿಲ್ಲ. ಹೊಸದಾಗಿ ಬಂದ ಹಮಾಲನೂ ಕೆಲವು ದಿನ ಸೀನಿ ಬಿಟ್ಟುಬಿಡುತ್ತಾನೆ. ಆದರೆ ಪಡಸಾಲೆಯಲ್ಲಿ ಎರಡು ವರ್ಷ ಊದಿನಕಡ್ಡಿಯ ಹೊಗೆ ಕುಡಿದ ನನ್ನ ಮೂಗು ನನಗೆ ಹೇಳದೆ ಕೇಳದೆ ಪರವೂರಿನದಾಗಿತ್ತು. ರಾಶಿಗಳ ನಡುವೆ ಬಂದದ್ದೇ ತಡ, ಸೀನು ಬಂತು. ಮನುಷ್ಯ ಸೀನಿದಾಗ ಕೈ ಬಿಗಿಯಾಗುತ್ತದೆ. ಕೈ ಬಿಗಿಯಾದರೆ ಕಡ್ಡಿ ಒತ್ತಿಕೊಳ್ಳುತ್ತದೆ. ನಾನು ಸೀನಿದೆ, ಗಾಡಿ ಜಿಗಿಯಿತು. ನಿಲ್ಲಿಸಿ ಮೂಗು ಒರೆಸಿಕೊಂಡೆ. ಮತ್ತೆ ಸೀನಿದೆ, ಮತ್ತೆ ಜಿಗಿಯಿತು. ಹಮಾಲರು ಚೀಲ ಬಿಟ್ಟು ಅತ್ತಿತ್ತ ಸರಿದರು. ಆಮೇಲೆ ಬಂದದ್ದು ಒಂದರ ಬೆನ್ನಿಗೆ ಒಂದು ಸೀನು. ಕಣ್ಣು ಬಿಟ್ಟು ನೋಡಿದರೆ ಮೇಡ್ಲೇರಿಯ ರೈತನೊಬ್ಬನ ರಾಶಿಯಲ್ಲಿ ಎದೆಮಟ್ಟ ಕೂತಿದ್ದೆ.

ಹಮಾಲರ ಹಿರಿಯ ಕಾಸೀಮಸಾಬ ಓಡಿ ಬಂದ. ಸುನೀಲಣ್ಣಾರಿಗೆ ಫೋನ್ ಮಾಡ್ಲೇನ್ರಿ ಅಂದ. ಕೈ ಹಿಡಿದು ಎಳೆಯಲೂ ಬಂದ. ಮೂರು ಗಾಲಿಯ ಗಾಡಿ ಕಣ್ಣ ಮುಂದೆ ಬಂದು ನಿಂತಿತು.

"ದೂರ ಸರಿ. ನಾ ಮಾಲ ನೋಡಾಕ ಬಂದೇನಿ," ಎಂದೆ.

ಎಂದಮೇಲೆ ನೋಡಬೇಕಲ್ಲ. ರಾಶಿಯಿಂದ ಒಂದು ಹಿಡಿ ತೆಗೆದು ಮುರಿದೆ, ಬೆರಳಿಗೆ ತಿಕ್ಕಿದೆ, ಬಿಸಿಲಿಗೆ ಹಿಡಿದೆ. ಬಣ್ಣ ಛಲೋ ಐತಿ, ಇನ್ನೊಂದು ಬಿಸಿಲು ಕಾಣಬೇಕಿತ್ತು ಅಂದೆ. ರಾಶಿಯ ಒಡೆಯ ಬೈಯಲು ಬಂದವನು ಟವೆಲು ತೆಗೆದು ಕೈಮುಗಿದ. ಇಷ್ಟು ಒಳಹೊಕ್ಕು ಮಾಲು ನೋಡುವ ದಲಾಲಿಯನ್ನು ಅವನು ಕಂಡಿರಲಿಲ್ಲವಂತೆ. ಗಾಡಿಗೆ ಹಿಂದಕ್ಕೆ ಹೋಗುವ ಗುಂಡಿಯೂ ಇತ್ತು. ಅದನ್ನು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು, ಆದರೆ ನಾನೇ ಹುಡುಕಿದೆ.

ಅಂಗಡಿಯ ಮುಂದೆ ಹೋಗಿ ನಿಂತಾಗ ಹಳೆಯ ಗಿರಾಕಿಗಳೆಲ್ಲ ಸುತ್ತ ನೆರೆದರು. ಎಲ್ಲಿ ಹೋಗಿದ್ರಿ ಸಾಹುಕಾರ್ರ, ನೀವಿಲ್ಲದ ಪ್ಯಾಟಿ ಪ್ಯಾಟಿನ ಅಲ್ಲ ಅಂದರು. ಯಾರೋ ಚಹಾ ತರಿಸಿದರು. ಅಂಗಡಿಯೊಳಗ ಬಂದು ಕೂಡ್ರಿ ಎಂದು ಮಗ ಕರೆದ, ನಾನು ಗಾಡಿ ಬಿಟ್ಟು ಇಳಿಯಲಿಲ್ಲ. ಖರೇ ಹೇಳುತ್ತೇನೆ, ನನ್ನ ಕಣ್ಣಲ್ಲಿ ನೀರು ಬಂತು. ಅರ್ಧ ಮೆಣಸಿನಕಾಯಿಯದು, ಅರ್ಧ ನನ್ನದು.

ಮಧ್ಯಾಹ್ನ ಮನೆಗೆ ಬಂದೆ. ಒಬ್ಬನೇ. ಅಂಗಿ ಗಾಡಿಯ ಬಣ್ಣಕ್ಕೆ ತಿರುಗಿತ್ತು. ಬೈಗುಳಕ್ಕೆ ಸಿದ್ಧನಾಗಿ, ಅದಕ್ಕೆ ಉತ್ತರವನ್ನೂ ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದೆ. ನೀಲಗಂಗವ್ವ ಬಾಗಿಲಲ್ಲೇ ನಿಂತಿದ್ದಳು. ಗಾಡಿಗೆ ಒಂದು ಸುತ್ತು ಹಾಕಿ ನೋಡಿದಳು.

"ಖರೇನ ಒಬ್ರ ಹೋಗಿ ಬಂದ್ರಿ?"

"ಒಬ್ಬನ."

"ಕಾಲು ನೋಯ್ಲಿಲ್ಲ?"

"ಎಲ್ಲಿ ಕಾಲು? ಯಾವ ನೋವು? ಎಲ್ಲಿಗಿ ಬೇಕಾದ್ರೂ ಹೋಗ್ತೇನಿ ಈಗ. ಯಾರೇನ ಮಾಡ್ತಾರ ನೋಡೂನು."

ಅವಳು ತಿರುಗಿ ಒಳಗೆ ಹೋದಳು. ಸೋತಳು ಎಂದುಕೊಂಡೆ. ಹೊರಗೆ ಬಂದವಳ ಕೈಯಲ್ಲಿ ಜೋಳದ ಚೀಲವಿತ್ತು. ಅದನ್ನು ನನ್ನ ಕಾಲ ಹತ್ತಿರ ಗಾಡಿಯಲ್ಲಿಟ್ಟು, ಗಿರಣಿ ಮುಚ್ಚುವುದರೊಳಗೆ ಬೀಸಿಸಿಕೊಂಡು ಬರ್ರಿ, ಸಣ್ಣಗ ಬೀಸಾಕ ಹೇಳ್ರಿ ಎಂದಳು.

ಆಗ ನನಗೆ ಹೊಳೆಯಿತು, ಈ ಎರಡು ವರ್ಷ ನನ್ನ ಎರಡು ಮೊಣಕಾಲು ಎಂಥೆಂಥ ಕೆಲಸಗಳನ್ನು ಎದೆಗೊಟ್ಟು ತಡೆದಿದ್ದವು ಎಂದು. ಮಂಗಳವಾರ ಕರೆಂಟು ಬಿಲ್ಲು, ಕಾಯಿಪಲ್ಲೆ. ಬುಧವಾರ ಮೊಮ್ಮಗಳನ್ನು ಶಾಲೆಗೆ ಬಿಡುವುದು, ಕರೆತರುವುದು, ನಡುವೆ ಬೀಗರ ಮನೆಗೆ ಕುಸುಬಿ ಎಣ್ಣೆ. ಬೇಡ ಅನ್ನೋಣವೆಂದರೆ ಎಲ್ಲಿಗೆ ಬೇಕಾದರೂ ಹೋಗುತ್ತೇನೆ ಎಂದು ಓಣಿಗೆಲ್ಲ ಕೇಳುವಂತೆ ಕೂಗಿದವನು ನಾನೇ. ಕಾಲು ನೋವು ಎಂದು ಬಾಯಿ ತೆರೆದರೆ ಮೂರು ಗಾಲಿಯದು ಬರುತ್ತದೆ. ಅದಕ್ಕಂತೂ ನಾನು ಬಗ್ಗುವವನಲ್ಲ.

ಗುರುವಾರ, ಪೇಟೆ ತುಂಬಿ ತುಳುಕುವ ಹೊತ್ತಿಗೆ, ನಾನು ಇಸ್ತ್ರಿ ಅಂಗಿ, ಟೊಪ್ಪಿಗೆ ಸಮೇತ ಟೇಲರ್ ಶರೀಫಾಬಿಯ ಮನೆ ಮುಂದೆ ಹೆಂಡತಿಯ ಬ್ಲೌಸುಗಳಿಗಾಗಿ ಕಾಯುತ್ತಿದ್ದೆ. ಶರೀಫಾಬಿ ಇನ್ನೂ ಗುಂಡಿ ಹಚ್ಚುವುದರಲ್ಲಿದ್ದಳು. ಮಗ ಫೋನು ಮಾಡಿದ.

"ಅಪ್ಪಾ, ಮಂದಿ ನಿಮ್ಮನ್ನ ಕೇಳಾಕತ್ತಾರ್ರಿ. ಯಾಕ ಬರ್ಲಿಲ್ಲ? ಮೊಣಕಾಲು ಮತ್ತ ಹಿಡಕೊಂಡಾವೇನು?"

"ಮೊಣಕಾಲಿಗೆ ಏನೂ ಆಗಿಲ್ಲ," ಎಂದೆ, ಟೊಪ್ಪಿಗೆ ಸರಿಮಾಡಿಕೊಂಡು. "ನನಗ ಪುರುಸೊತ್ತಿಲ್ಲ."