ಕಾಲು ನಿಲ್ಲದ ಸೈಕಲ್ಲು

ಇನ್ನು ಈ ಜನ್ಮದಲ್ಲಿ ಆಫೀಸಿಗೆ ತಡವಾಗಿ ಹೋಗುವುದಿಲ್ಲ ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು. ಇಂಥ ಐತಿಹಾಸಿಕ ಘೋಷಣೆಗೆ ತಿರುಗಿ ಕೂಡ ನೋಡಲಿಲ್ಲ!

ಘೋಷಣೆಗೆ ಕಾರಣವಿತ್ತು. ನಾನು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವನು. ನನ್ನ ಮೇಜು ಕಿಟಕಿಯ ಪಕ್ಕದಲ್ಲಿತ್ತು. ಕಿಟಕಿಯಾಚೆ ಒಂದು ಮರ, ಮರದ ಮೇಲೆ ಆಕಾಶ, ಆಕಾಶದ ತುಂಬ ಮೋಡ. ಪುಟಕ್ಕೊಂದು ಮೋಡ ನೋಡದಿದ್ದರೆ ನನಗೆ ಒಂದು ತಪ್ಪೂ ಕಣ್ಣಿಗೆ ಬೀಳುವುದಿಲ್ಲ. ಆದರೆ ಹಾಳಾದ್ದು, ಬಸ್ಸಿಗೂ ಕಿಟಕಿಗಳಿವೆಯಲ್ಲ! ಹೊರಗೆ ನೋಡುತ್ತಾ ಕೂತರೆ ನಾನು ಇಳಿಯಬೇಕಾದ ಸ್ಟಾಪು ನನಗೆ ಹೇಳದೆ ಕೇಳದೆ ಹಿಂದೆ ಹೋಗಿಬಿಡುತ್ತದೆ. ಮೂರನೆಯ ಸಲ ಹಾಗಾದಾಗ ಮ್ಯಾನೇಜರು ಕರೆದರು.

"ಇನ್ನೊಂದು ಸಲ ತಡವಾದ್ರೆ ಆ ಮೇಜು ಬೈಂಡಿಂಗ್ ಸೆಕ್ಷನ್ನಿನವರಿಗೆ. ನೀವು ಗೋಡೌನ್ ಪಕ್ಕ, ಗೋಡೆಗೆ ಮುಖ ಮಾಡ್ಕೊಂಡು ಕೂತ್ಕೊಳ್ಳಿ."

ಸಂಬಳ ಕಡಿತ ಮಾಡಿದ್ದರೂ ಅಷ್ಟು ಸಂಕಟವಾಗುತ್ತಿರಲಿಲ್ಲ.

"ಸೈಕಲ್ ಕೊಳ್ತೀನಿ ಕಣೇ," ಎಂದೆ. "ಅಂತಿಂಥ ಸೈಕಲ್ಲಲ್ಲ, ಫಿಕ್ಸೆಡ್ ಗೇರ್! ಚಕ್ರ ತಿರುಗೋವರೆಗೂ ಪೆಡಲ್ ತಿರುಗ್ತಾನೇ ಇರುತ್ತೆ. ಕಾಲು ನಿಲ್ಲಿಸೋ ಹಾಗೇ ಇಲ್ಲ. ಕಾಲು ನಿಲ್ಲದಿದ್ರೆ ಮನಸ್ಸು ಎಲ್ಲಿ ಅಲೆಯುತ್ತೆ, ಹೇಳು?"

"ರೀ, ಬಾಯಲ್ಲಿ ತುತ್ತಿಟ್ಕೊಂಡು ಅಗಿಯೋದನ್ನೇ ಮರೆಯೋರು ನೀವು. ನಿಮಗ್ಯಾಕ್ರೀ ಈ ಉಸಾಬರಿ?"

ಕೇಳುವವನೇ ನಾನು? ಸಂಜೆ ಅವಳನ್ನೂ ಕರೆದುಕೊಂಡು ಅಂಗಡಿಗೆ ಹೋದೆ. ಮೆಕ್ಯಾನಿಕ್ಕು ಹಿಂದಿನ ಚಕ್ರ ಬಿಚ್ಚಿ ತೋರಿಸಿದ. ಅದರ ಎರಡೂ ಕಡೆ ಚೈನು ಕೂರುವ ಹಲ್ಲುಗಳಿದ್ದವು.

"ಈ ಕಡೆ ಹಾಕಿದ್ರೆ ಫಿಕ್ಸೆಡ್ ಸಾರ್. ಚಕ್ರ ತಿರುಗಿಸಿ ಹಾಕಿದ್ರೆ ಸಿಂಗಲ್ ಸ್ಪೀಡ್. ಗೇರು ಆಗಲೂ ಒಂದೇ, ಆದ್ರೆ ತುಳಿಯೋದು ನಿಲ್ಲಿಸಿದ್ರೂ ಓಡ್ತಿರುತ್ತೆ."

"ಫಿಕ್ಸೆಡ್ಡೇ ಇರಲಿ!"

"ಇಳಿಜಾರಲ್ಲಿ ಮೈಮರೆತು ಕಾಲು ಬಿಗಿಹಿಡಿದ್ರೆ ಎತ್ತಿ ಎಸೆಯುತ್ತೆ, ನೋಡ್ಕೊಳ್ಳಿ."

"ಮೈಮರೆಯೋ ಗಿರಾಕಿಗೆ ಹೇಳಪ್ಪ ಅದನ್ನ," ಎಂದೆ ಗತ್ತಿನಿಂದ. ನನ್ನ ಹೆಂಡತಿಗೆ ಯಾಕೋ ಕೆಮ್ಮು ಬಂತು.

ಏಳು ದಿನ ತುಳಿದೆ ನೋಡಿ! ಏರಿನಲ್ಲಿ ತುಳಿದೆ, ಇಳಿತದಲ್ಲಿ ತುಳಿದೆ, ಬ್ರೇಕು ಹಿಡಿದುಕೊಂಡೂ ತುಳಿದೆ. ಎಸೆದುಬಿಟ್ಟರೆ ಎಂಬ ಭಯಕ್ಕೆ ಒಂದು ಕ್ಷಣವೂ ಕಾಲು ನಿಲ್ಲಿಸಲಿಲ್ಲ. ದಿನಾ ಹತ್ತು ನಿಮಿಷ ಮೊದಲೇ ಆಫೀಸು! "ಯಂತ್ರವೂ ನಾನೂ ಒಂದಾಗಿಬಿಟ್ಟಿದ್ದೀವಿ," ಎಂದು ಮನೆಯಲ್ಲಿ ಉಪದೇಶ ಬೇರೆ. ಅವಳು ನನ್ನ ಮೊಣಕಾಲಿಗೆ ಎಣ್ಣೆ ಉಜ್ಜುತ್ತಾ "ಹೌದೌದು" ಎನ್ನುತ್ತಿದ್ದಳು.

ಎಂಟನೆಯ ಬೆಳಿಗ್ಗೆ ಆಫೀಸಿನ ಇಳಿಜಾರಿನ ತುದಿಗೆ ಬಂದಾಗ ಎದುರಿಗೆ ಒಂದು ಮೋಡ. ಅಯ್ಯೋ, ಎಂಥ ಮೋಡ ಅಂತೀರಿ! ಆಗ ತಾನೇ ನಿದ್ದೆಯಿಂದೆದ್ದ ಮಗುವಿನ ಹಾಗೆ ಮೆಲ್ಲಗೆ ಹೊರಳುತ್ತಿತ್ತು. ಅಂಚಿಗೆಲ್ಲ ಬಿಸಿಲು. ರಸ್ತೆ ಎಲ್ಲೋ ಕರಗಿತು. ಗಾಳಿ ಅಂಗಿಯೊಳಗೆ ಹೊಕ್ಕು ನನ್ನನ್ನು ಎತ್ತಿಕೊಂಡಿತು. ಹತ್ತಿರದಲ್ಲೆಲ್ಲೋ ಮಿಡತೆಗಳು ಟಿಕಟಿಕ ಎನ್ನುತ್ತಿದ್ದವು. ತೂಕವಿಲ್ಲ, ಆಯಾಸವಿಲ್ಲ, ಹೆಸರೇ ಇಲ್ಲದ ಸುಖ! ಎಡಗಡೆ ಯಾವುದೋ ಗೇಟಿನ ಮುಂದೆ ಯಾರೋ ಕೈಯೆತ್ತಿ ಕರೆದರು. ನಾನೂ ದೊರೆಯಂತೆ ಕೈ ಬೀಸಿ ಮುಂದೆ ಸಾಗಿದೆ.

ಸೈಕಲ್ಲು ತಾನಾಗಿ ನಿಂತದ್ದು ಇಳಿಜಾರಿನ ಕೊನೆಯ ಪಾರ್ಕಿನ ಹತ್ತಿರ. ನೆಲಕ್ಕೆ ಕಾಲೂರಿದಾಗ ಎರಡು ವಿಷಯ ಹೊಳೆದವು. ಒಂದು, ಕೈಯೆತ್ತಿ ಕರೆದದ್ದು ನಮ್ಮ ಮ್ಯಾನೇಜರು. ಎರಡು, ಇಡೀ ಇಳಿಜಾರಿನಲ್ಲಿ ನನ್ನ ಕಾಲು ಅಲುಗಾಡಿಯೇ ಇರಲಿಲ್ಲ! ಪೆಡಲನ್ನು ಹಿಂದಕ್ಕೆ ತಿರುಗಿಸಿ ನೋಡಿದೆ. ಟಿಕಟಿಕ ಟಿಕಟಿಕ. ಮಿಡತೆಗಳೆಲ್ಲ ಹಿಂದಿನ ಚಕ್ರದಲ್ಲಿದ್ದವು.

ಏರು ಹತ್ತಿ ಏದುಸಿರು ಬಿಡುತ್ತಾ ಬಂದಾಗ ಕಾಲು ಗಂಟೆ ತಡ.

"ನಾನು ಎಂಟೂ ಐವತ್ತಕ್ಕೇ ಬಂದಿದ್ದೆ ಸಾರ್, ನೀವೇ ನೋಡಿದ್ರಿ!"

"ನೋಡ್ದೆ ಕಣ್ರೀ. ಗೇಟಿನ ಮುಂದೆ ಹಾದುಹೋದವರಿಗೆಲ್ಲ ಹಾಜರಿ ಹಾಕಿದ್ರೆ ಆ ಬಸ್ ಡ್ರೈವರಿಗೂ ಹಾಕಬೇಕಾಗುತ್ತೆ."

ಮಧ್ಯಾಹ್ನದೊಳಗೆ ನನ್ನ ಕಿಟಕಿಯ ಮುಂದೆ ಬೈಂಡಿಂಗಿನವರು ಕೂತಿದ್ದರು. ನನ್ನೆದುರು ಸುಣ್ಣದ ಗೋಡೆ. ಅಳುವುದೊಂದು ಬಾಕಿ.

ಮನೆಗೆ ಬಂದವನೇ ಎಗರಾಡಿದೆ. "ನಿಜ ಹೇಳು, ಚಕ್ರ ತಿರುಗಿಸಿ ಹಾಕಿಸಿದ್ದು ನೀನೇ ತಾನೇ?"

"ಹೌದು."

"ನಿನ್ನಿಂದ ನನ್ನ ಕಿಟಕಿ ಹೋಯ್ತು ಕಣೇ!"

"ಹಾಕಿಸದೇ ಇದ್ದಿದ್ರೆ ಇವತ್ತು ಆ ಇಳಿಜಾರಲ್ಲಿ ಹಲ್ಲು ಹೋಗ್ತಿತ್ತು."

ನಾಲಿಗೆಯಿಂದ ಒಮ್ಮೆ ತಡವಿ ನೋಡಿಕೊಂಡೆ. ಎಲ್ಲವೂ ಇದ್ದವು. ಆದರೂ ಸೋಲಲು ಮನಸ್ಸಾಗಲಿಲ್ಲ.

"ಅದಕ್ಕೆ ಕಟ್ಟಿಕೊಂಡ ಗಂಡನಿಗೆ ಗೊತ್ತಾಗದ ಹಾಗೆ ಕದ್ದು ಮಾಡಿಸೋದಾ?"

"ಕದ್ದು ಯಾಕ್ರೀ ಮಾಡಿಸ್ಲಿ? ನಿಮ್ಮೆದುರಿಗೇ ಮಾಡಿಸಿದ್ದು. ನೀವು ಅಂಗಡಿ ಬಾಗಿಲಲ್ಲಿ ನಿಂತು ಆಕಾಶ ನೋಡ್ತಿದ್ರಿ. 'ತಿರುಗಿಸಿ ಹಾಕಿಸ್ಲಾ?' ಅಂತ ಎರಡೆರಡು ಸಲ ಕೇಳಿದೆ. ಎರಡು ಸಲಾನೂ ನೀವೇ 'ಹ್ಞೂಂ' ಅಂದ್ರಿ!"