ಯಿನ್ ಮೇ ಕೂತ ಆರು ವರ್ಷ

"ಇವತ್ತಿಗೆ ಆರು ವರ್ಷ. ನಾನು ಒಂಚೂರೂ ಬದಲಾಗಿಲ್ಲ. ಇದು ಯಾರಿಗೂ ಗೊತ್ತಾಗಬಾರದು" ಎಂದು ದಿನಚರಿಯಲ್ಲಿ ಬರೆದು ಯಿನ್ ಮೇ ಅದನ್ನು ದಿಂಬಿನ ಕೆಳಗೆ ತುರುಕಿದಳು.

ಪದವಿ ಮುಗಿದ ವರ್ಷ ಶುರುವಾದದ್ದು ಈ ಧ್ಯಾನ. ಮಂಡಲೆ ನಗರದ ತನ್ನ ಓಣಿಯಲ್ಲಿ ದಿನಾ ಬೆಳಗ್ಗೆ ಐದರಿಂದ ಆರರವರೆಗೆ ಅವಳು ಕಿಟಕಿಯ ಪಕ್ಕದ ಹಲಗೆಯ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದಳು. ಉಸಿರನ್ನು ನೋಡಬೇಕು, ಸಿಟ್ಟು ಬಂದರೆ ಸಿಟ್ಟು ಎಂದು ಗುರುತಿಸಿ ಬಿಡಬೇಕು. ಅವಳು ಗುರುತಿಸುತ್ತಿದ್ದಳು, ಬಿಡುತ್ತಿರಲಿಲ್ಲ. ಹಿಂದಿನ ದಿನ ಯಾರಿಗೆ ಏನು ಉತ್ತರ ಕೊಡಬೇಕಿತ್ತೋ ಅದನ್ನೆಲ್ಲ ಕೂತಲ್ಲೇ ಹೊಸೆಯುತ್ತಿದ್ದಳು. ಬಾಯಿಂದ ಮಾತ್ರ ಒಂದೂ ಹೊರಬೀಳುತ್ತಿರಲಿಲ್ಲ. ಸಂಕೋಚದ ಹುಡುಗಿ, ಮೊದಲೂ ಬೀಳುತ್ತಿರಲಿಲ್ಲ. ಓಣಿಯವರು ಅದನ್ನು ಧ್ಯಾನದ ಫಲ ಎಂದುಕೊಂಡಿದ್ದರು.

ಹಾಗೆಂದು ಸಾರಿದವರು ಪಕ್ಕದ ಮನೆಯ ದೊ ಓನ್. ಒಂದು ಕಾಲದಲ್ಲಿ ಆಕೆ ಬೆಳಗ್ಗೆ ತನ್ನ ಕೋಳಿಗಳನ್ನು ಬೈಯಲು ಬಾಯಿ ತೆರೆದರೆ ಐರಾವತಿ ನದಿಯ ಆಚೆ ದಡದ ಅಂಬಿಗ ಹುಟ್ಟು ಕೈಬಿಡುತ್ತಿದ್ದ. ಯಿನ್ ಮೇ ಕೂರತೊಡಗಿದ ಮೇಲೆ ಓಣಿಯನ್ನು ಸುಮ್ಮನಿರಿಸುವ ಕೆಲಸವನ್ನು ಆಕೆ ತಾನಾಗಿ ಹೊತ್ತುಕೊಂಡರು. ಐದಕ್ಕೆ ಪೊರಕೆ ಹಿಡಿದು ನಡುಬೀದಿಯಲ್ಲಿ ನಿಂತರೆ ನಾಯಿ, ಕಾಗೆ, ಹಾಲಿನವನು ಎಲ್ಲರಿಗೂ ಒಂದೇ ಮಾತು: "ಶ್, ಹುಡುಗಿ ಕೂತಿದೆ."

ಇವತ್ತು ಅಮ್ಮ ಪುಣ್ಯದೂಟ ಇಟ್ಟುಕೊಂಡಿದ್ದಳು. ಧ್ಯಾನಮಂದಿರದಿಂದ ಗುಲಾಬಿ ವಸ್ತ್ರದ ಹಿರಿಯ ಸನ್ಯಾಸಿನಿ ಬಂದು, ಎಲ್ಲರೆದುರು ಯಿನ್ ಮೇಯ ಧ್ಯಾನದ ವರದಿ ಕೇಳುವವರಿದ್ದರು. ಒಪ್ಪಿಗೆಯಾದರೆ ಕೇರಿಯ ಹೆಂಗಸರಿಗೆ ಧ್ಯಾನ ಹೇಳಿಕೊಡಲು ಅವಳನ್ನೇ ನೇಮಿಸುವವರಿದ್ದರು. ಅಮ್ಮ ಈ ಸುದ್ದಿಯನ್ನು ಮೂರು ಕೇರಿಗೆ ಹಂಚಿಯಾಗಿತ್ತು. ವರದಿಯಲ್ಲಿ ಹುರುಳಿಲ್ಲವೆಂದು ತಿಳಿದರೆ ಅಮ್ಮ ಇನ್ನು ಮಾರುಕಟ್ಟೆಯಲ್ಲಿ ತಲೆಯೆತ್ತುವ ಹಾಗಿಲ್ಲ.

ಮೊದಲು ಬಂದವನು ಸೈಕಲ್ ರಿಕ್ಷಾದ ಊ ತಾ.

"ತಂಗೀ, ಲಾಟರಿಗೆ ಎರಡಂಕಿ ಒಂದು ಹೇಳಮ್ಮ. ನಿನ್ನಂಥೋರಿಗೆ ಎಲ್ಲಾ ಕಾಣತ್ತಂತೆ."

ಯಿನ್ ಮೇ ಆಗುವುದಿಲ್ಲವೆಂದು ಕೈ ಬೀಸಿದಳು.

"ಐದು," ಎಂದು ಊ ತಾ ಅಂಗೈ ಮೇಲೆ ಬರೆದುಕೊಂಡ. "ಇನ್ನೊಂದು?"

ಅವಳು ಇನ್ನೊಂದು ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಐವತ್ತೈದು. ಬದುಕಿದೆ ತಾಯಿ."

ಅರ್ಧ ಗಂಟೆಯೊಳಗೆ ಅವಳು ಹಲಗೆ ಬಿಟ್ಟು ನಾಲ್ಕು ಬೆರಳು ಮೇಲೆ ಗಾಳಿಯಲ್ಲಿ ಕೂರುತ್ತಾಳೆಂಬ ಸುದ್ದಿ ಓಣಿಯ ತುದಿ ಮುಟ್ಟಿತ್ತು. ಅಷ್ಟರಲ್ಲಿ ದೊ ಓನ್ ಅವರ ಕೆಂಪು ಹೇಂಟೆ, ಊಟಕ್ಕೆಂದು ಆರಲು ಹಾಕಿದ್ದ ಅಕ್ಕಿ ಶಾವಿಗೆಯ ಮೇಲೆ ಮದುಮಗಳಂತೆ ನಡೆದುಹೋಯಿತು. ಯಿನ್ ಮೇ ಹಲ್ಲು ಕಚ್ಚಿದಳು. ಅಮ್ಮ ನೆಂಟರ ಕಡೆ ತಿರುಗಿ, "ನೋಡ್ರಿ, ಒಂದು ಮಾತು ಆಡಿದ್ಲಾ?" ಎಂದಳು.

ಸನ್ಯಾಸಿನಿ ಬಂದು ಚಾಪೆಯ ಮೇಲೆ ಕೂತರು. ಓಣಿಯೆಲ್ಲ ಹಿಂದೆ ಕೂತಿತು.

"ಹೇಳಮ್ಮ. ಆರು ವರ್ಷದಲ್ಲಿ ಏನು ಕಂಡೆ?"

"ಸಾರು ತರ್ತೀನಿ," ಎಂದು ಯಿನ್ ಮೇ ಎದ್ದು ಅಡುಗೆಮನೆಗೆ ಓಡಿದಳು.

"ಸೇವೆ ಮೊದಲು, ಮಾತು ಆಮೇಲೆ," ಎಂದು ಅಮ್ಮ ಅರ್ಥ ಬಿಡಿಸಿದಳು.

ಮೀನಿನ ಸಾರಿನ ದೊಡ್ಡ ಬಟ್ಟಲು ಹಿಡಿದು ಹಿಂತಿರುಗುವಾಗ ಅದೇ ಹೇಂಟೆ ಕಾಲಿಗೆ ಸಿಕ್ಕಿತು. ಅರ್ಧ ಸಾರು ದೊ ಓನ್ ಉಟ್ಟಿದ್ದ ಹೊಸ ಹಸಿರು ರೇಷ್ಮೆಯ ಮೇಲೆ. ಕೆಲವರು ಹಳೆಯ ನೆನಪಿನಿಂದ ಕಿವಿ ಮುಚ್ಚಿಕೊಂಡರು.

ದೊ ಓನ್ ಕಣ್ಣು ಮುಚ್ಚಿದರು. ಒಂದು ಉಸಿರು ಬಂತು, ಹೋಯಿತು.

"ಬಿಸಿ," ಎಂದರು ಮೆಲ್ಲಗೆ. ಸ್ವಲ್ಪ ಹೊತ್ತಿಗೆ, "ಈಗ ಕಡಿಮೆ ಆಗ್ತಿದೆ. ನಿನ್ನ ಕೈ ಸುಟ್ಟಿತೇನೇ ಹುಡುಗಿ?"

ಸನ್ಯಾಸಿನಿ ದೊ ಓನ್ ಕಡೆ ತಿರುಗಿದರು. "ನೀನು ಎಷ್ಟು ವರ್ಷದಿಂದ ಕೂರ್ತಿದ್ದೀಯಮ್ಮ?"

"ನಾನಾ? ನನಗೆಲ್ಲಿ ಪುರುಸೊತ್ತು ತಾಯಿ. ಕೂರೋದು ಇವಳು. ಇವಳಿಗೆ ಸದ್ದಾಗಬಾರದಲ್ಲ, ದಿನಾ ಒಂದು ಗಂಟೆ ಬಾಯಿ ಮುಚ್ಕೊಂಡು ನಿಲ್ತೀನಿ. ಮೊದಮೊದಲು ಹೊಟ್ಟೇಲಿ ಬೈಗುಳ ಕೊತಕೊತ ಕುದಿಯೋದು. ಬೈಯೋ ಹಾಗಿಲ್ಲ, ಏನ್ಮಾಡೋದು, ಅದನ್ನೇ ನೋಡ್ತಾ ನಿಲ್ತಿದ್ದೆ. ನೋಡ್ತಾ ನೋಡ್ತಾ ಅದೇ ಹೋಗಿಬಿಡತ್ತೆ. ಮಧ್ಯಾಹ್ನವೂ ಬರಲ್ಲ ಈಗ."

"ಆರು ವರ್ಷದ ವರದಿ ಕೇಳಾಯ್ತು," ಎಂದರು ಸನ್ಯಾಸಿನಿ. "ನಾಳೆಯಿಂದ ನೀನೇ ಕೂರು, ಹೆಂಗಸರಿಗೂ ಹೇಳಿಕೊಡು."

"ನಾನು ಕೂತರೆ ನಾಯಿ ಓಡಿಸೋರು ಯಾರು ತಾಯಿ?"

ಓಣಿಯ ಕಣ್ಣೆಲ್ಲ ಯಿನ್ ಮೇ ಕಡೆ ತಿರುಗಿತು. ಅಮ್ಮನ ಮುಖ ಒಂದು ಕ್ಷಣ ಬಾಡಿತು. ಮರುಕ್ಷಣವೇ ಮಾನ ಉಳಿಸುವ ದಾರಿ ಹೊಳೆಯಿತು.

"ನಮ್ಮ ಹುಡುಗಿ ಇದಾಳಲ್ಲ," ಎಂದು ಮೂಲೆಯ ಪೊರಕೆ ತಂದು ಮಗಳ ಕೈಗಿಟ್ಟಳು. "ಬೆಳಗ್ಗೆ ಐದಕ್ಕೆ ಎದ್ದು ರೂಢಿಯಿದೆ. ಬೇಜಾರೂ ಮಾಡ್ಕೊಳ್ಳಲ್ಲ. ಕೋಪ ಅನ್ನೋದು ಇವಳ ಕಡೆ ತಲೆ ಹಾಕಿಯೂ ಮಲಗಲ್ಲ."

"ಸಾಧು, ಸಾಧು, ಸಾಧು," ಎಂದಿತು ಓಣಿ.

ಹೇಂಟೆ ಹೊಸಿಲ ಮೇಲೆ ನಿಂತು ಕತ್ತು ಓರೆ ಮಾಡಿ ನೋಡಿತು. ಯಿನ್ ಮೇ ಕೈಯ ಪೊರಕೆಯನ್ನು ನೋಡಿದಳು, ಉಸಿರನ್ನು ನೋಡಿದಳು, ಅದರ ಹಿಂದೆ ಬರುತ್ತಿದ್ದುದನ್ನೂ ನೋಡಿದಳು. ಈ ಸಲ ಅದು ಹಲ್ಲಿನ ಹಿಂದೆ ನಿಲ್ಲಲಿಲ್ಲ.

"ಅಮ್ಮಾ," ಎಂದಳು, "ನನಗೆ ತುಂಬ ಕೋಪ ಬಂದಿದೆ."