ಎರಡನೇ ಅಂಕದ ನಾಯಕಿ

"ಒಪೆರಾ ಅಂದ್ರೆ ಏನು ಮಹಾ! ಆಡೋ ಜಗಳಾನೇ ರಾಗವಾಗಿ ಆಡ್ತಾರೆ, ಅಷ್ಟೇ ತಾನೆ? ಒಂದು ಮಧ್ಯಾಹ್ನ ಕೂತ್ರೆ ಅರೆದು ಕುಡಿದುಬಿಡ್ತೀನಿ!" ಎಂದು ಕನ್ನಡಕದಂಗಡಿಯ ಗೊತ್ತಪ್ಪನವರು ಊಟದ ತಟ್ಟೆಯ ಮುಂದೆ ಘೋಷಿಸಿದರು.

ಗೊತ್ತಪ್ಪ ಎಂಬುದು ಅವರಿಗೆ ಹೆತ್ತವರು ಇಟ್ಟ ಹೆಸರಲ್ಲ. ಯಾರು ಏನು ಹೇಳಹೊರಟರೂ ಅವರ ಬಾಯಿಂದ ಎರಡನೇ ಮಾತು ಹೊರಡುವ ಮೊದಲೇ "ಗೊತ್ತು, ಗೊತ್ತು" ಎನ್ನುತ್ತಿದ್ದುದಕ್ಕೆ ಬೀದಿಯವರು ದಯಪಾಲಿಸಿದ ಬಿರುದು. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವ ಚಂದ ನೋಡಿಯೇ ಕಣ್ಣಿನ ನಂಬರು ಹೇಳುವ ಮಹಾನುಭಾವರು ಅವರು! ನಂಬರು ಆಗಾಗ ಸರಿಯೂ ಇರುತ್ತಿತ್ತು.

ಘೋಷಣೆಗೆ ಕಾರಣ ಮಗಳು. ಅವಳು ಒಬ್ಬ ಹುಡುಗನನ್ನು ಮೆಚ್ಚಿದ್ದಳು. ಹುಡುಗ ಬಂಗಾರದಂಥವನು. ಆದರೆ ಮದುವೆಗೆ ಹುಡುಗನ ತಾಯಿ ಇನ್ನೂ ಹೂಂ ಎಂದಿರಲಿಲ್ಲ. ಆಕೆ ಬಹಳ ವರ್ಷ ಒಪೆರಾ ಕಂಪನಿಯಲ್ಲಿ ಹಾಡಿ ನಿವೃತ್ತರಾದವರು. ಇಟಲಿಯ ಹಳೆಯ ಒಪೆರಾ ಒಂದನ್ನು ಈ ಕಾಲಕ್ಕೆ ಹೊಂದಿಸಿ ಆಡಿದ್ದರ ವೀಡಿಯೊ ಕಳಿಸಿ, "ನಿಮ್ಮ ತಂದೆ ಇದನ್ನು ನೋಡಿರಲಿ. ಸಂಜೆ ಬಂದಾಗ ಮಾತಾಡೋಣ" ಎಂದು ಹೇಳಿಕಳಿಸಿದ್ದರು.

"ಅಪ್ಪಾ, ನನ್ನ ಬದುಕು ನಿನ್ನ ಕೈಲಿದೆ. ಕೂತು ಪೂರ್ತಿ ನೋಡು. ಮೊದಲ ಸಲ ಮನೆಗೆ ಬರ್ತಿದ್ದಾರೆ, ಸ್ವಲ್ಪ ಮರ್ಯಾದೆಯಿಂದ ನಡಕೋ" ಎಂದು ಕೈಮುಗಿದು ಮಗಳು ಹುಡುಗನ ಜೊತೆ ಹೊರಟಳು. ಅವರಿಬ್ಬರೂ ಕೆಲಸ ಮುಗಿಸಿ ಬರುವುದು, ತಾಯಿ ತಾವೇ ನೇರವಾಗಿ ಬರುವುದು ಎಂದು ನಿಗದಿಯಾಗಿತ್ತು.

ಗೊತ್ತಪ್ಪನವರು ಸಿದ್ಧತೆ ಮಾಡಿದ್ದೇ ಮಾಡಿದ್ದು! ಕಥೆಯನ್ನು ಮೊದಲೇ ಓದಿಕೊಂಡರು: ರಾಜನ ಮಗಳು, ಯುದ್ಧಕ್ಕೆ ಹೋದ ಸೈನಿಕ. ಎರಡನೇ ಅಂಕದಲ್ಲಿ ಅವಳು ಕೋಟೆಯ ಬಾಗಿಲಲ್ಲಿ ಕಾದು ಕಾದು, ಕೊನೆಗೆ ವಿಷ ತಿಂದು ಸಾಯುತ್ತಾಳೆ. ಲ್ಯಾಪ್‌ಟಾಪಿನಿಂದ ಚಿತ್ರಕ್ಕೆಂದು ಟಿವಿಗೆ ಒಂದು ವೈರು ಎಳೆದರು. ಟಿವಿಯ ಸದ್ದು ಅವರ ಅಮ್ಮನ ಮಂದ ಕಿವಿಗೆ ಸಾಲದೆಂದು ಮಾಳಿಗೆಯಿಂದ ದೊಡ್ಡ ಸ್ಪೀಕರು ಇಳಿಸಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ರಸಭಂಗವಾಗಬಾರದೆಂದು ಫೋನುಗಳ ಬಾಯಿ ಮುಚ್ಚಿಸಿದರು. ಅಮ್ಮ, ಹೆಂಡತಿ, ತಾವು ಮೂವರೂ ಸೋಫಾದಲ್ಲಿ ಆಸೀನರಾದರು.

ಪರದೆ ಎದ್ದಿತು. ಕೋಟೆ ಎಲ್ಲಿ? ಕಾರು ನಿಲ್ಲಿಸುವ ನೆಲಮಾಳಿಗೆ! ಕೋಟು ತೊಟ್ಟ ಒಂದಷ್ಟು ಜನ ಸೂಟ್‌ಕೇಸು ಹಿಡಿದು ಹಿಂದಕ್ಕೆ ನಡೆಯುತ್ತಿದ್ದರು. ಒಬ್ಬ ನೆಲ ಒರೆಸುತ್ತಿದ್ದ. ಇನ್ನೊಬ್ಬಳು ಫ್ರಿಜ್ಜಿನೊಳಗೆ ತಲೆಯಿಟ್ಟು ಹಾಡುತ್ತಿದ್ದಳು.

"ರೀ, ಇದರಲ್ಲಿ ರಾಜ ಯಾರು?" ಹೆಂಡತಿ ಕೇಳಿದರು.

"ಆ ಕೋಟಿನವನು."

"ಎಲ್ರೂ ಕೋಟೇ ಹಾಕಿದ್ದಾರಲ್ರೀ!"

"ಹಾಗಾದ್ರೆ ನೆಲ ಒರೆಸೋನು. ಇದು ಸಾಂಕೇತಿಕ ಕಣೇ. ನಿನಗೆ ಅರ್ಥ ಆಗಲ್ಲ, ಸುಮ್ನೆ ನೋಡು."

ಅವರಿಗೂ ಅರ್ಥವಾಗುತ್ತಿರಲಿಲ್ಲ. ಕಣ್ಣು ಕಟ್ಟಿ ಕಾಡಿನಲ್ಲಿ ಬಿಟ್ಟಂತಾಗಿತ್ತು. ಸಂಜೆ ಹುಡುಗನ ತಾಯಿ ಏನಾದರೂ ಕೇಳಿದರೆ ಏನು ಹೇಳುವುದೆಂದು ಒಳಗೊಳಗೇ ಹೆದರಿ ಬೆವರುತ್ತಿದ್ದರು. ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

ಎರಡನೇ ಅಂಕ ಶುರುವಾಗುವ ಹೊತ್ತಿಗೆ ಸಂಜೆಯಾಗಿತ್ತು. ಅಮ್ಮ ಕಾಲು ಮಡಚಿಕೊಂಡು ಪಕ್ಕಕ್ಕೆ ವಾಲಿದರು. ಅನಾಹುತ ನಡೆದದ್ದು ಆ ಕ್ಷಣದಲ್ಲೇ. ಅವರ ತೊಡೆಯ ಕೆಳಗೆ ಟಿವಿಯ ರಿಮೋಟು ಇತ್ತು. ಯಾವುದೋ ಗುಂಡಿ ಅದುಮಿಕೊಂಡಿತು. ಟಿವಿ ಒಪೆರಾವನ್ನು ಬಿಟ್ಟು ಇನ್ನೊಂದು ಚಾನೆಲ್ಲಿಗೆ ನೆಗೆಯಿತು. ಆ ಚಾನೆಲ್ ಯಾವುದೆನ್ನುತ್ತೀರಿ? ಅವರದೇ ಕಟ್ಟಡದ ಕೆಳಬಾಗಿಲ ಮೇಲೆ ಹೋದ ವಾರವಷ್ಟೇ ಹಾಕಿಸಿದ ಕ್ಯಾಮೆರಾದ್ದು! ಲ್ಯಾಪ್‌ಟಾಪಿನ ಹಾಡು ಮಾತ್ರ ಸ್ಪೀಕರಿನಲ್ಲಿ ತನ್ನ ಪಾಡಿಗೆ ಭೋರ್ಗರೆಯುತ್ತಲೇ ಇತ್ತು.

ಟಿವಿಯಲ್ಲಿ ಮೇಲಿನಿಂದ ತೆಗೆದ ಮಸುಕು ಚಿತ್ರ. ಒಂದು ಬಾಗಿಲು, ಒಂದು ಹೂವಿನ ಕುಂಡ, ಎರಡು ಮೆಟ್ಟಿಲು. ತಮ್ಮ ಮನೆಯ ಬಾಗಿಲನ್ನು ಹದ್ದಿನ ಹಾಗೆ ಮೇಲಿನಿಂದ ಯಾರು ತಾನೇ ನೋಡಿರುತ್ತಾರೆ?

"ಆಹಾ! ಕಪ್ಪು ಬಿಳುಪು ಮಾಡಿಬಿಟ್ಟ! ಕಲೆ ಅಂದ್ರೆ ಇದು!" ಎಂದರು ಗೊತ್ತಪ್ಪನವರು.

"ಆ ಕುಂಡ ನಮ್ದರ ಹಾಗೇ ಇದೆ ಕಣ್ರೀ."

"ಪ್ರಪಂಚದಲ್ಲಿ ಕುಂಡ ಇರೋದು ನಿನ್ನ ಹತ್ರ ಮಾತ್ರಾನಾ?"

ಅಗಲವಾದ ಟೋಪಿ ಹಾಕಿದ ಹೆಂಗಸೊಬ್ಬಳು ಚಿತ್ರದೊಳಗೆ ಬಂದಳು. ಕೈಯಲ್ಲಿ ಒಂದು ಪೆಟ್ಟಿಗೆ. ಬಾಗಿಲ ಪಕ್ಕದ ಗೋಡೆಯ ಮೇಲೆ ಬೆರಳು ಒತ್ತಿದಳು. ಎಲ್ಲೋ ಕ್ಷೀಣವಾಗಿ ಟ್ರಿಂಗ್ ಎಂದಿತು.

"ನಾಯಕಿ ಬಂದ್ಲು! ಆ ಟ್ರಿಂಗ್ ಕೇಳಿಸ್ತಾ? ವಾದ್ಯ! ಅವಳು ಬೆರಳು ಇಡೋದಕ್ಕೂ ಅದು ಬಾರಿಸೋದಕ್ಕೂ ಏನು ಹೊಂದಾಣಿಕೆ ನೋಡು!"

ಹೊಂದಾಣಿಕೆ ಮತ್ತೆ ಮತ್ತೆ ಆಯಿತು. ಬಾಗಿಲು ತೆರೆಯಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಬೋಳುತಲೆಯವನೊಬ್ಬ ನಾಯಿ ಹಿಡಿದುಕೊಂಡು ಹೊರಬಂದ. ಬಾಗಿಲು ಅವನ ಬೆನ್ನ ಹಿಂದೆ ತಾನಾಗಿ ಮುಚ್ಚಿಕೊಂಡಿತು. ಹೆಂಗಸು ಏನೋ ಕೇಳಿದಳು. ಅವನು ಮೇಲಕ್ಕೆ ಬೆರಳು ತೋರಿಸಿ, ಎರಡೂ ಕಿವಿ ಮುಚ್ಚಿಕೊಂಡು ನಡೆದುಬಿಟ್ಟ.

"ಇವ್ರು ನಮ್ಮ ಕೆಳಮನೆ ವಕೀಲರ ಥರಾನೇ ಇದ್ದಾರಲ್ರೀ! ನಾಯಿ ಕೂಡ!"

"ಒಬ್ಬರ ಹಾಗೆ ಏಳು ಜನ ಇರ್ತಾರಂತೆ. ಇವನು ಮಂತ್ರಿ. 'ದೇವರೇ ಗತಿ' ಅಂತ ಮೇಲೆ ತೋರಿಸಿದ. ಅವಳ ಗೋಳು ಕೇಳಲಾರದೆ ಕಿವಿ ಮುಚ್ಕೊಂಡ, ಕಟುಕ!"

ಹೆಂಗಸು ಹಿಂದೆ ಸರಿದು, ತಲೆಯೆತ್ತಿ, ಬಾಯಿ ಅಗಲಿಸಿದಳು. ಸರಿಯಾಗಿ ಅದೇ ಗಳಿಗೆಗೆ ಸ್ಪೀಕರಿನಲ್ಲಿ ನಾಯಕಿಯ ದನಿ ತಾರಕಕ್ಕೇರಿ ಕಿಟಕಿಯ ಗಾಜು ಗಡಗಡಿಸಿತು. ಗೊತ್ತಪ್ಪನವರ ಕಣ್ಣಲ್ಲಿ ನೀರೇ ಬಂತು. ಮೊದಲ ಅಂಕದ ಗೊಂದಲವೆಲ್ಲ ಮರೆತುಹೋಯಿತು.

"ಪಾಪ ಕಣೋ, ಆ ಹೆಣ್ಣಿಗೆ ಯಾರಾದ್ರೂ ಹೋಗಿ ಬಾಗಿಲು ತೆಗೀಬಾರ್ದಾ?" ಅಮ್ಮ ಮರುಗಿದರು.

"ತೆಗೆಯೋ ಹಾಗಿಲ್ಲಮ್ಮ. ತೆಗೆದ್ರೆ ಕಥೇನೇ ಕೆಟ್ಟುಹೋಗುತ್ತೆ!"

ಹೆಂಗಸು ಗಡಿಯಾರ ನೋಡಿಕೊಂಡಳು. ಫೋನು ಕಿವಿಗಿಟ್ಟಳು, ಇಳಿಸಿದಳು. ಕೊನೆಗೆ ಸೋತು ಮೆಟ್ಟಿಲ ಮೇಲೆ ಕುಳಿತು, ಪೆಟ್ಟಿಗೆ ಬಿಚ್ಚಿ, ಒಳಗಿನಿಂದ ಏನನ್ನೋ ಮುರಿದು ಬಾಯಿಗೆ ಹಾಕಿಕೊಂಡಳು.

"ವಿಷ!" ಗೊತ್ತಪ್ಪನವರು ಎದ್ದು ನಿಂತರು. "ನಾನು ಹೇಳ್ಲಿಲ್ವಾ? ವಿಷ ತಿಂತಿದ್ದಾಳೆ!"

"ಅಯ್ಯೋ, ಎರಡನೇ ತುಂಡೂ ತಿಂದ್ಲಲ್ರೀ!" ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡರು. ಅಮ್ಮ ಬಿಕ್ಕಿ ಬಿಕ್ಕಿ ಅತ್ತರು. ಇಡೀ ಸೋಫಾ ಶೋಕಸಾಗರದಲ್ಲಿ ಮುಳುಗಿತು.

ಆಗ ಚಿತ್ರದೊಳಗೆ ಹುಡುಗನೊಬ್ಬ, ಹುಡುಗಿಯೊಬ್ಬಳು ಓಡಿಬಂದರು. ಹುಡುಗಿ ಹಣೆ ಹಣೆ ಚಚ್ಚಿಕೊಂಡಳು. ಅಮ್ಮ ಕಣ್ಣೊರೆಸಿಕೊಂಡು, ಮುಂದಕ್ಕೆ ಬಾಗಿ ನೋಡಿ ಕೇಳಿದರು:

"ಅಲ್ಲ ಕಣೋ, ನಮ್ಮ ಮಗು ಇಟಲಿಗೆ ಯಾವಾಗ ಹೋದ್ಲು?"

ಸ್ಪೀಕರಿನಲ್ಲಿ ನಾಯಕಿ ಇನ್ನೂ ಹಾಡುತ್ತಲೇ ಇದ್ದಳು. ಗೊತ್ತಪ್ಪನವರು ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು ಸಿಕ್ಕಿಸಿಕೊಂಡು ಬಾಗಿಲಿಗೆ ಧಾವಿಸುವಷ್ಟರಲ್ಲಿ, ಮಗಳು ತನ್ನ ಕೀಲಿಯಿಂದ ಕೆಳಬಾಗಿಲು ತೆಗೆದು ಎಲ್ಲರನ್ನೂ ಮೇಲೆ ಕರೆತಂದಾಗಿತ್ತು. ಹುಡುಗನ ತಾಯಿ ಅರ್ಧ ಉಳಿದಿದ್ದ ಕೇಕಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ಮುಖ ಗಂಟಿಕ್ಕಿತ್ತು.

"ಬೆಲ್ ಮಾಡಿದೆ, ಕೂಗಿದೆ, ಫೋನ್ ಮಾಡಿದೆ. ನಾನು ಬರೋದು ಇಷ್ಟ ಇಲ್ಲ ಅಂದ್ರೆ ಮೊದ್ಲೇ ಹೇಳಬಹುದಿತ್ತು. ನಡಿಯೋ ಮಗನೇ, ಹೋಗೋಣ."

ಮಗಳ ಕಣ್ಣು ತುಂಬಿಬಂತು. ಗೊತ್ತಪ್ಪನವರು ನೆಪ ಹುಡುಕತೊಡಗಿದರು. ಕರೆಂಟು ಹೋಗಿತ್ತು ಎನ್ನೋಣವೇ? ಸ್ಪೀಕರು ಇನ್ನೂ ಅರಚುತ್ತಿದೆ! ಅವರು ಸುಳ್ಳನ್ನು ಜೋಡಿಸುತ್ತಿರುವಾಗಲೇ ಅಮ್ಮ ಎದ್ದು ಹೋಗಿ ಆಕೆಯ ಎರಡೂ ಕೈ ಹಿಡಿದುಕೊಂಡರು.

"ಬದುಕಿದ್ದೀಯೇನಮ್ಮಾ! ನೀನು ವಿಷ ತಿಂದಾಗ ನಾವು ಮೂರೂ ಜನ ಎಷ್ಟು ಅತ್ವಿ ಗೊತ್ತಾ!"

ಇನ್ನು ಮುಚ್ಚಿಡುವುದಕ್ಕೆ ಏನು ಉಳಿದಿತ್ತು? ಗೊತ್ತಪ್ಪನವರು ತಲೆ ತಗ್ಗಿಸಿ ರಿಮೋಟು, ಕ್ಯಾಮೆರಾ, ಮಂತ್ರಿ, ವಾದ್ಯ ಎಲ್ಲವನ್ನೂ ಒಪ್ಪಿಸಿದರು. ಆಕೆ ಕೇಳುತ್ತ ಕೇಳುತ್ತ ಕುರ್ಚಿಗೆ ಕುಸಿದರು. ಹೆಗಲು ಅಲುಗಾಡತೊಡಗಿತು. ಅಳುತ್ತಿದ್ದಾರೆಂದು ಎಲ್ಲರೂ ಗಾಬರಿಯಾದರು. ಆಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಕಂಪನೀಲಿದ್ದಷ್ಟು ಕಾಲ ಗುಂಪಿನ ಹಿಂದಿನ ಸಾಲಲ್ಲೇ ನಿಂತು ಹಾಡಿದೋಳು ನಾನು. ನನ್ನನ್ನ ನೋಡಿ ಒಬ್ರೂ ಅತ್ತಿರ್ಲಿಲ್ಲ. ಇವತ್ತು ಒಂದು ಮನೆಗೆ ಮನೇನೇ ಅತ್ತಿದೆ! ಇಂಥ ಬೀಗರು ಎಲ್ಲಿ ಸಿಗ್ತಾರೆ? ನನಗೆ ಈ ಸಂಬಂಧ ಒಪ್ಪಿಗೆ."

ಮಗಳು ಆಕೆಯ ಕೊರಳಿಗೆ ಬಿದ್ದಳು. ಹೆಂಡತಿ ಸ್ಪೀಕರು ಆರಿಸಿ ಉಳಿದ ಕೇಕು ಹಂಚಿದರು. ಗೊತ್ತಪ್ಪನವರಿಗೆ ಹೋದ ಜೀವ ಬಂತು. ಬಂದ ಜೀವ ಸುಮ್ಮನಿದ್ದೀತೇ? ಎದೆಯುಬ್ಬಿಸಿ ಹೇಳಿದರು:

"ನೀವು ಯಾವ ಚಿಂತೇನೂ ಮಾಡ್ಬೇಡಿ ಬೀಗಿತ್ತಿಯವರೇ. ಮದುವೆ ದಿನ ಬಾಗಿಲಲ್ಲಿ ನಿಂತು, ಬಂದವರನ್ನೆಲ್ಲ ಖುದ್ದಾಗಿ ನಾನೇ ಒಳಗೆ ಕರೀತೀನಿ!"

"ಬೇಡಿ ಬೀಗರೇ," ಎಂದರು ಆಕೆ, ತುಟಿಯ ಮೇಲಿನ ಕೆನೆ ಒರೆಸಿಕೊಳ್ಳುತ್ತ. "ಬಾಗಿಲಲ್ಲಿ ನಾನೇ ನಿಲ್ತೀನಿ. ನನಗೆ ಈಗ ಅಭ್ಯಾಸ ಆಗಿದೆ."